ಪೈಗಳ ಬೆಂಕಿಪೊಟ್ಟಣಗಳು

ವಾಸುದೇವ ಪೈಗಳು ಸಿಗರೇಟು ಮುಟ್ಟಿದವರಲ್ಲ. ಆದರೂ ಅವರ ಜೇಬಿನಲ್ಲಿ ಸದಾ ಬೆಂಕಿಪೊಟ್ಟಣಗಳು ಗಲಗಲ ಎನ್ನುತ್ತಿದ್ದವು. ಮಲಯ ನಾಡಿನ ಕ್ಲಾಂಗ್ ಬಂದರಿನ ಹತ್ತಿರ, ಮಾಮಕ್ ಎಂದು ಕರೆಯುವ ತಮಿಳು ಮುಸ್ಲಿಮರ ಹೋಟೆಲಿನಲ್ಲಿ ಚಹಾ ಬರುವ ಮೊದಲೇ ಅವು ಮೇಜಿನ ಮೇಲೆ ಹಾಜರು. ಒಂದೊಂದು ಪೊಟ್ಟಣವೂ ಒಂದೊಂದು ಕಂಟೇನರ್. ಯಾವುದು ಮೊದಲು ಹಡಗು ಹತ್ತಬೇಕು, ಅದನ್ನು ಎಲ್ಲಿಟ್ಟರೆ ಕ್ರೇನಿಗೆ ದಂಡದ ಕೆಲಸ ತಪ್ಪುತ್ತದೆ ಎಂದು ಹೇಳುವ ಸಾಫ್ಟ್‌ವೇರ್ ಅವರದು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮೈಸೂರಿನಿಂದ ಹೋಗಿ ಅವರ ಪುಟ್ಟ ಕಂಪನಿ ಸೇರಿದೆ. ಉಡುಪಿಯ ಈ ಮನುಷ್ಯನಿಗೆ ಗುಟ್ಟು ಎಂಬುದೇ ಗೊತ್ತಿರಲಿಲ್ಲ. ಲಾರಿ ಚಾಲಕನಿರಲಿ, ಎದುರಾಳಿ ಕಂಪನಿಯವನೇ ಇರಲಿ, ಕೇಳಿದವರಿಗೆಲ್ಲ ಪೊಟ್ಟಣ ಜೋಡಿಸಿ ವಿವರಿಸುತ್ತಿದ್ದರು. ಹೀಗೆ ಹಂಚಬೇಡಿ ಎಂದು ನಾನು ಗೊಣಗಿದರೆ, "ಎಂತ ಮಾರಾಯ್ರೇ, ಅವನೊಂದು ತಪ್ಪು ತೋರಿಸಿದ್ರೆ ಲಾಭ ನಮಗೇ ಅಲ್ವಾ?" ಎನ್ನುತ್ತಿದ್ದರು. ನಿಜ, ಮೇಜಿನ ಮೇಲಿನ ಆ ವಾದಗಳಿಂದಲೇ ನಮ್ಮ ಪ್ರೋಗ್ರಾಂ ಪಳಗಿತ್ತು.

ಮೊದಲ ವಿದೇಶಿ ಗಿರಾಕಿ ಸಿಕ್ಕಾಗ ಪೈಗಳು ಆಫೀಸಿಗೆಲ್ಲ ಪರೋಟದಂಥ ರೊಟಿ ಚನಾಯ್ ತಪಾವ್, ಅಂದರೆ ಪಾರ್ಸಲ್, ಕಟ್ಟಿಸಿ ತಂದರು. ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಆ ಗಿರಾಕಿಯ ದೇಶದ ದೊಡ್ಡ ಕಂಪನಿಯೊಂದು ಇದೇ ಬಗೆಯ ಜೋಡಣೆಗೆ ಪೇಟೆಂಟ್ ಪಡೆದಿತ್ತು. ನಾವು ನಕಲು ಮಾಡಿರಲಿಲ್ಲ. ಅಂಥದೊಂದಿದೆ ಎಂಬುದೇ ನಮಗೆ ತಿಳಿದಿರಲಿಲ್ಲ. ಕೇಸು ಬಿದ್ದೀತೆಂದು ಗಿರಾಕಿ ಹಿಂಜರಿದ. ಸುದ್ದಿ ಹಬ್ಬಿ ಕ್ಲಾಂಗಿನ ಗಿರಾಕಿಗಳೂ ಜಾರಿಕೊಂಡರು. ಗೆಲ್ಲಬಹುದು, ಆದರೆ ವರ್ಷಗಟ್ಟಲೆ ಹೋರಾಡಬೇಕು ಎಂದರು ವಕೀಲರು. ಅಷ್ಟು ಕಾಲ ಕಂಪನಿ ಉಸಿರು ಹಿಡಿದುಕೊಂಡಿರಬೇಕಲ್ಲ! ನನಗೆ ಮೈಯೆಲ್ಲ ಉರಿಯಿತು. ಪೈಗಳು ಮಾತ್ರ, "ನಾಳೆ ದೋಸೆ ಮಡಚುದಕ್ಕೂ ಯಾರಾದ್ರೂ ಹಕ್ಕು ತಕ್ಕೊಂಡ್ರೆ ಉಡುಪಿಯವರು ಎಂತ ಮಾಡುದು?" ಎಂದರು. ನಗಿಸಲೆಂದೇ ಹೇಳಿದ್ದು. ಯಾರೂ ನಗಲಿಲ್ಲ.

ಕಂಪನಿ ಮುಚ್ಚಿತು. ಅವರು ಸೈಬರ್‌ಜಯಾದ ದೊಡ್ಡ ಸಂಸ್ಥೆಯೊಂದರಲ್ಲಿ ನೌಕರಿಗೆ ಸೇರಿದರು. ನಾನು ಮೈಸೂರಿಗೆ ಮರಳುವ ಮುನ್ನ ಕೊನೆಯ ಬಾರಿ ಅದೇ ಮಾಮಕ್‌ನಲ್ಲಿ ಕೂತಿದ್ದೆವು. ಪರಿಚಯದ ಬಂದರು ಗುಮಾಸ್ತನೊಬ್ಬ ಹಳೆಯ ಸಲಿಗೆಯಿಂದ ಕುರ್ಚಿ ಎಳೆದುಕೊಂಡು, ಹೊಸ ಯಾರ್ಡಿನಲ್ಲಿ ಕಂಟೇನರುಗಳನ್ನು ಹೇಗೆ ಜೋಡಿಸಲಿ ಎಂದು ಕೇಳಿದ. ಪೈಗಳ ಕೈ ತಾನಾಗಿ ಜೇಬಿಗೆ ಹೋಯಿತು. ಒಳಗೆ ಪೊಟ್ಟಣಗಳು ಗಲಗಲ ಎಂದವು. ಕೈ ಬರಿದಾಗಿಯೇ ಹೊರಗೆ ಬಂತು.

ಹೊಸ ಕಂಪನಿಯ ವಕೀಲರನ್ನು ಕೇಳಿ ಹೇಳುತ್ತೇನೆ ಎಂದು ಅವನಿಗೆ ಮಲಯ ಭಾಷೆಯಲ್ಲಿ ಹೇಳಿದರು. ಗುಮಾಸ್ತ ಅದನ್ನು ತಮಾಷೆಯೆಂದು ತಿಳಿದು ಜೋರಾಗಿ ನಕ್ಕ. ಆಮೇಲೆ ಚಹಾ ಲೋಟಗಳನ್ನು ಬದಿಗೆ ಸರಿಸಿ, ಪೊಟ್ಟಣಗಳಿಗೆ ಜಾಗ ಮಾಡಿ, ಕಾದು ಕುಳಿತ.