ಬೀಗ ತೆಗೆದರೂ ಬಾರದ ನೋವು

ಮೊನ್ನೆ ಹಳೆಯ ಟ್ರಂಕಿನ ಬೀಗ ತುಕ್ಕು ಹಿಡಿದು ಜಪ್ಪಯ್ಯ ಎನ್ನಲಿಲ್ಲ. ಸೀಮೆಎಣ್ಣೆ ಬಿಟ್ಟೆ. ತುಕ್ಕು, ಎಣ್ಣೆ ಬೆರೆತ ಆ ವಾಸನೆ ಮೂಗಿಗೆ ಬಡಿಯುತ್ತಲೇ ದೇವದುರ್ಗದ ಆಸ್ಪತ್ರೆಯ ಸಿಸ್ಟರ್ ಅಕ್ಕ ನೆನಪಾದರು...

ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಮೋಟರ್ ವೈಂಡಿಂಗ್ ಕಲಿತು, ದೇವದುರ್ಗದಲ್ಲಿ ಸ್ವಂತ ಅಂಗಡಿ ಹಾಕಿದೆ. ಸುಟ್ಟ ಮೋಟರ್ ನನ್ನ ಕೈಗೆ ಬಂದು ತಿರುಗದೆ ಹೋದದ್ದಿಲ್ಲ. ಈ ಮಾತನ್ನು ಇವತ್ತಿಗೂ ತಲೆ ಎತ್ತಿ ಹೇಳುತ್ತೇನೆ.

ಆಗ ಹೆಂಡತಿಗೆ ಚೊಚ್ಚಲು. ಎಂಟನೇ ತಿಂಗಳು, ತವರಿಗೆ ಕಳಿಸುವ ಮೊದಲೇ ಒಂದು ಬೆಳಿಗ್ಗೆ ನೋವು ಶುರುವಾಯಿತು. ಹೆರಿಗೆ ಸಲೀಸಾಗಲಿ ಎಂದು ಮನೆಯ ಬೀಗ, ಗಂಟುಗಳನ್ನೆಲ್ಲ ಬಿಚ್ಚುವುದು ನಮ್ಮ ಮನೆಯ ಪದ್ಧತಿ. ನಮ್ಮವ್ವ ತುಕ್ಕು ಹಿಡಿದ ಬೀಗಕ್ಕೆ ಸೀಮೆಎಣ್ಣೆ ಬಿಟ್ಟು ಇದೇ ಟ್ರಂಕು ತೆಗೆದಳು, ಡಬ್ಬಿಗಳ ಮುಚ್ಚಳ ತೆಗೆದಳು, ಎಮ್ಮೆಯ ಹಗ್ಗವನ್ನೂ ಬಿಚ್ಚಿದಳು. ನಾನು ಅಂಗಡಿಯ ಶಟರ್ ಬೀಗ ತೆಗೆದು ಬಂದೆ. ನಾವು ಆಸ್ಪತ್ರೆಗೆ ಹೋಗಲು ಆಟೋ ಹತ್ತುವಷ್ಟರಲ್ಲಿ ಎಮ್ಮೆ ನಮಗಿಂತ ಮುಂದೆ ರಸ್ತೆ ಹಿಡಿದಿತ್ತು.

ನೋವು ಬರುತ್ತಿತ್ತು, ನಿಲ್ಲುತ್ತಿತ್ತು. ಹೆಂಡತಿ ನನ್ನ ಕೈ ಬಿಡಲಿಲ್ಲ. ಸಿಸ್ಟರ್ ಅಕ್ಕ ಮಾನ್ವಿ ಕಡೆಯವರು, ಹೆರಿಗೆ ವಾರ್ಡಿನ ಹಿರಿಯರು. ನರ್ಸಿಂಗ್ ಕಲಿಯುವ ಹುಡುಗಿಯರಿಗೆ ಪಾಠವನ್ನೂ ಹೇಳುತ್ತಿದ್ದರು. ಡಾಕ್ಟರಮ್ಮ ಪರೀಕ್ಷೆ ಮಾಡಿ, ಇದು ಹೆರಿಗೆ ನೋವಲ್ಲ, ಕೂಸು ಇನ್ನೂ ಒಳಗಿರಬೇಕು ಎಂದರು.

"ಇಂಜೆಕ್ಷನ್ ಕೊಟ್ಟು ಹೆರಿಗಿ ಮಾಡಿಬಿಡ್ರಿ ಅಕ್ಕಾ. ಮನ್ಯಾಗಿನ ಬೀಗೆಲ್ಲ ತೆಗದು ಬಂದೀವಿ," ಎಂದು ನಾನು ಸಿಸ್ಟರ್ ಅಕ್ಕನ ಬೆನ್ನು ಹತ್ತಿದೆ.

"ಹಂಗಾದ್ರ ಕಳ್ಳರು ಒಳಗ ಬರ್ತಾರ, ಕೂಸು ಹೊರಗ ಬರೂದಿಲ್ಲ. ಮೊದಲ ಹೋಗಿ ಬೀಗ ಹಾಕು ತಮ್ಮಾ!"

"ಯವ್ವಾ, ನಮ್ಮ ಎಮ್ಮಿನೂ ಹೋಗ್ಯದ!" ಎಂದು ಅವ್ವ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಅಕ್ಕ ನಕ್ಕುಬಿಟ್ಟರು. ಆಮೇಲೆ ನನ್ನನ್ನು ಬೆಂಚಿನ ಮೇಲೆ ಕೂರಿಸಿ ಹೇಳಿದರು:

"ಗರ್ಭಕೋಶ ಅಂದ್ರ ಸ್ನಾಯುವಿನ ಚೀಲ. ಅದರ ಒಂದೊಂದು ಜೀವಕೋಶದಾಗೂ ಜೀನ್ ಅದಾವ. ಒಂಬತ್ತು ತಿಂಗಳು ಒಂದು ಹಾರ್ಮೋನು ಅದರಾಗ ಕೆಲವನ್ನ ಮಲಗಿಸಿ ಇಡ್ತದ, ಸ್ನಾಯು ಸುಮ್ಮನಿರಲಿ ಅಂತ. ದಿನ ತುಂಬಿದಾಗ ಅವು ಎಚ್ಚರಾಗ್ತಾವ. ಆವಾಗ ಕೋಶಕ್ಕೂ ಕೋಶಕ್ಕೂ ನಡುವ ದಾರಿ ಆಗ್ತದ, ಎಲ್ಲಾ ಕೂಡಿ ಒಮ್ಮಿಗೇ ಹಿಂಡ್ತಾವ. ಈಗ ತಮ್ಮ ಪಾಡಿಗೆ ತಾವು ಜಗ್ಗಾಕತ್ತಾವ, ಅಷ್ಟ."

ನನಗೆ ಥಟ್ಟನೆ ಹೊಳೆಯಿತು. "ಕಾಯಿಲ್ ಎಲ್ಲಾ ಜೋಡಿಸದೆ ಕರೆಂಟ್ ಕೊಟ್ರ ಮೋಟರ್ ಗುಂಯ್ ಅಂತದ, ತಿರುಗೂದಿಲ್ಲ. ಹಂಗೇನ್ರಿ?"

"ಹಂಗಽ ಅನ್ಕೋ. ಜೋರು ಮಾಡಿದ್ರ ಏನಾಗ್ತದ?"

"ಸುಟ್ಟು ಹೋಗ್ತದ್ರಿ."

"ಮತ್ತ ಇಂಜೆಕ್ಷನ್ ಯಾಕ ಕೇಳಾಕತ್ತೀಯೋ, ಮಿಸ್ತ್ರಿ?"

ಸಂಜೆಗೆ ನೋವು ತಾನಾಗಿ ನಿಂತಿತು. ಮನೆಗೆ ಬಂದರೆ ಎಮ್ಮೆ ಬಾಗಿಲಲ್ಲೇ ನಿಂತು ಮೆಲುಕು ಹಾಕುತ್ತಿತ್ತು. ಅಂಗಡಿಯಿಂದ ಒಂದು ತಂತಿಯೂ ಹೋಗಿರಲಿಲ್ಲ. ಹೆಂಡತಿಯನ್ನು ತವರಿಗೆ ಕಳಿಸದೆ, ಅಕ್ಕ ಇದ್ದ ಊರಲ್ಲೇ ಇಟ್ಟುಕೊಂಡೆ. ದಿನ ತುಂಬಿ ನಿಜವಾದ ನೋವು ಬಂದಾಗ ಅವರೇ ಡ್ಯೂಟಿಯಲ್ಲಿದ್ದರು. ಒಳಗಿನಿಂದ ಕೂಸಿನ ಅಳು ಕೇಳಿತು... ಅಕ್ಕ ಬಾಗಿಲಿಗೆ ಬಂದು, "ಕಾಯಿಲ್ ಎಲ್ಲಾ ಕೂಡಿದ್ವು ನೋಡಪಾ. ಹೆಣ್ಣು ಕೂಸು," ಎಂದರು. ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟೆ.

ಆ ಕೂಸೇ ಮೊನ್ನೆ ರಾಯಚೂರಿನಲ್ಲಿ ಎರಡನೇ ಹೆರಿಗೆಗೆ ಸೇರಿದ್ದು. ಹೆಂಡತಿ ಅತ್ತೆಯ ಹಾಗೆಯೇ ಟ್ರಂಕು ತೆಗೆಯಿರಿ ಎಂದು ಹಟ ಹಿಡಿದಳು. ಈ ಸಲ ದಿನ ತುಂಬಿತ್ತು, ನಾನೂ ಬೇಡ ಎನ್ನಲಿಲ್ಲ. ಬೀಗ ಬಿಚ್ಚಿಕೊಳ್ಳುವ ಮೊದಲೇ ಅಳಿಯನ ಫೋನ್ ಬಂತು. ತಾಯಿ, ಕೂಸು ಇಬ್ಬರೂ ಆರಾಮ. ತುಕ್ಕಿನ ಕೈಯಲ್ಲೇ ಕಣ್ಣು ಒರೆಸಿಕೊಂಡೆ.

ಈ ಸುದ್ದಿಯನ್ನು ಮಾನ್ವಿಗೆ ಹೋಗಿ ಹೇಳಬೇಕೆನಿಸಿತು. ಆದರೆ ಅಕ್ಕ ತೀರಿಕೊಂಡು ವರ್ಷಗಳೇ ಆದವು... ಆಮೇಲೆ ಟ್ರಂಕು ತೆಗೆದೆ, ಮಗಳು ಕೂಸಿದ್ದಾಗ ತಲೆಗೆ ಕಟ್ಟಿದ ಕುಂಚಿಗೆಯನ್ನು ಮೊಮ್ಮಗುವಿಗೆಂದು ಎತ್ತಿಟ್ಟೆ. ಮೊದಲು ಬೀಗ ಹಾಕು ತಮ್ಮಾ ಎನ್ನಲು ಯಾರೂ ಇರಲಿಲ್ಲ. ನಾನೇ ಹಾಕಿದೆ.