ಚಿಕ್ಕಪ್ಪ ಕಟ್ಟಿದ ಗರಗಸದ ಅಲೆ

ಅಪ್ಪ ಸತ್ತದ್ದು ಚಿಕ್ಕಪ್ಪನ ತಪ್ಪಿನಿಂದ. ಇದನ್ನು ಸುತ್ತಿಬಳಸಿ ಹೇಳುವವರು ನೆಂಟರಲ್ಲಿ ಬೇಕಾದಷ್ಟಿದ್ದಾರೆ, ನನಗೆ ಅಷ್ಟು ತಾಳ್ಮೆಯಿಲ್ಲ. ಚಿಕ್ಕಪ್ಪ ಕುಡುಕನಲ್ಲ, ಕೆಲಸಗಳ್ಳನಂತೂ ಅಲ್ಲವೇ ಅಲ್ಲ. ಆಗಿದ್ದರೆ ಬಾಯ್ತುಂಬ ಬೈದು ಹಗುರಾಗುತ್ತಿದ್ದೆ.

ಅಣ್ಣತಮ್ಮ ಇಬ್ಬರೂ ಒಂದೇ ಕಾಗದದ ಕಾರ್ಖಾನೆಯಲ್ಲಿದ್ದರು. ಅಪ್ಪ ಬಾಯ್ಲರ್ ನೋಡಿಕೊಳ್ಳುತ್ತಿದ್ದ, ಚಿಕ್ಕಪ್ಪ ಹಿಂದಿನ ಕೋಣೆಯಲ್ಲಿ ಮೀಟರು, ಉಪಕರಣಗಳ ರಿಪೇರಿ ಮಾಡುತ್ತಿದ್ದ. ಮದುವೆ ಬೇಡವೆಂದು ನಮ್ಮ ಮನೆಯ ಹೊರಕೋಣೆಯಲ್ಲೇ ಉಳಿದವನು. ಮಾತಾಡುವಾಗ ಬೆರಳಲ್ಲಿ ಗಾಳಿಯಲ್ಲೇ ಗೆರೆ ಎಳೆಯುವ ಅಭ್ಯಾಸ. ಅಮ್ಮ ಸಾರಿಗೆ ಉಪ್ಪು ಸಾಕಾ ಎಂದು ಕೇಳಿದರೂ ಬೆರಳು ಏಳುತ್ತಿತ್ತು.

ಬಾಯ್ಲರಿನ ಉಕ್ಕಿನ ಗೋಡೆ ವರ್ಷ ಕಳೆದಂತೆ ಒಳಗಿನಿಂದ ಸವೆಯುತ್ತದೆ. ಎಷ್ಟು ದಪ್ಪ ಉಳಿದಿದೆ ಎಂದು ಹೊರಗಿನಿಂದಲೇ ನೋಡಲು ಅವರಲ್ಲಿ ಒಂದು ಯಂತ್ರವಿತ್ತು. ಅದು ಕಿವಿಗೆ ಕೇಳಿಸದ ಸದ್ದನ್ನು ಉಕ್ಕಿನೊಳಗೆ ಕಳಿಸುತ್ತದೆ. ಅದೇ ಹೊತ್ತಿಗೆ ಪರದೆಯ ಮೇಲೆ ಒಂದು ಚುಕ್ಕಿ ಓಡತೊಡಗುತ್ತದೆ. ಸದ್ದು ಗೋಡೆಯ ಒಳಬದಿಗೆ ಬಡಿದು ಮರಳುವಷ್ಟರಲ್ಲಿ ಚುಕ್ಕಿ ಎಷ್ಟು ದೂರ ಹೋಗಿರುತ್ತದೋ ಗೋಡೆ ಅಷ್ಟು ದಪ್ಪ. ಆ ಚುಕ್ಕಿಯನ್ನು ಓಡಿಸುವುದೇ ಗರಗಸದ ಅಲೆ: ಗರಗಸದ ಹಲ್ಲಿನ ಹಾಗೆ ವೋಲ್ಟೇಜು ನೆಟ್ಟಗೆ ಏರಿ, ತಟ್ಟನೆ ಬಿದ್ದು, ಮತ್ತೆ ಏರುವುದು, ಸೆಕೆಂಡಿಗೆ ಸಾವಿರಾರು ಸಲ. ಆ ಅಲೆ ಎಬ್ಬಿಸುವ ಭಾಗ ಒಂದು ದಿನ ಸುಟ್ಟುಹೋಯಿತು. ಯಂತ್ರ ಮಾಡಿದ ಕಂಪನಿ ಬಾಗಿಲು ಹಾಕಿತ್ತು. ಹೊಸದು ತರಿಸಿ ಎಂದರೆ ಮ್ಯಾನೇಜರ್ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಚಿಕ್ಕಪ್ಪ ತಾನೇ ಕಟ್ಟುತ್ತೇನೆಂದ.

ಊಟದ ಮೇಜಿನ ಮೇಲೇ ಸರ್ಕ್ಯೂಟ್ ಬರೆದ. ನಾನು ಕೇಳಿದ್ದಕ್ಕೆ ವಿವರಿಸಿದ್ದೂ ನೆನಪಿದೆ. ನಲ್ಲಿಯ ನೀರು ಒಂದೇ ಸಮ ಬಿದ್ದರೆ ಬಕೆಟ್ಟಿನ ಮಟ್ಟ ಒಂದೇ ಸಮ ಏರುತ್ತದೆ, ತುಂಬಿದ ಕೂಡಲೇ ಒದ್ದು ಬೋರಲು ಹಾಕಬೇಕು. ನಲ್ಲಿ ಒಂದು ಟ್ರಾನ್ಸಿಸ್ಟರು, ಒದೆಯುವ ಕಾಲು ಇನ್ನೊಂದು, ಬಕೆಟ್ಟೇ ಕೆಪಾಸಿಟರು. ಅಷ್ಟು ಬೇಗ ಬೇಗ ತುಂಬಿ ಖಾಲಿಯಾಗಬೇಕಾದರೆ ಬಕೆಟ್ಟು ಚಮಚದಷ್ಟು ಚಿಕ್ಕದಿರಬೇಕು. ಅಪ್ಪ ತುತ್ತು ನುಂಗಿ, ಹಾಗಾದ್ರೆ ನನ್ನ ಜೀವ ಈಗ ಇವನ ಚಮಚದಲ್ಲಿದೆ ಅನ್ನು ಎಂದು ನಕ್ಕ. ನಾವೆಲ್ಲ ನಕ್ಕೆವು.

ಸರ್ಕ್ಯೂಟ್ ಕೆಲಸ ಮಾಡಿತು. ಅಲೆಯನ್ನು ಕಣ್ಣಾರೆ ನೋಡಲು ಚಿಕ್ಕಪ್ಪ ಆಸಿಲೋಸ್ಕೋಪಿನ ಪ್ರೋಬ್ ತಂತಿಯನ್ನು ಕೆಪಾಸಿಟರಿಗೆ ಸಿಕ್ಕಿಸಿ, ಗೆರೆ ನೆಟ್ಟಗಾಗುವ ತನಕ ತಿರುಪು ತಿರುಗಿಸಿದ. ದಪ್ಪ ಗೊತ್ತಿದ್ದ ಉಕ್ಕಿನ ತುಂಡನ್ನಿಟ್ಟ, ಅಳತೆ ಕರಾರುವಾಕ್ಕಾಗಿ ಬಂತು. ಆಮೇಲೆ ಪ್ರೋಬ್ ತೆಗೆದು ಮುಚ್ಚಳ ಬಿಗಿದ.

ತಪ್ಪು ಅಲ್ಲೇ ಆಯಿತು. ಆ ಪ್ರೋಬಿಗೂ ಒಂದಿಷ್ಟು ಚಾರ್ಜು ಹಿಡಿಯುವ ಗುಣವಿದೆ. ದೊಡ್ಡ ಬಕೆಟ್ಟಿಗೆ ಅದು ಲೆಕ್ಕಕ್ಕಿಲ್ಲ, ಚಮಚಕ್ಕೆ ಅದೇ ಕಾಲು ಭಾಗ. ಪ್ರೋಬ್ ಕಳಚಿದ ಮೇಲೆ ಕೆಪಾಸಿಟರ್ ಬೇಗ ತುಂಬಿತು, ಚುಕ್ಕಿ ಜೋರಾಗಿ ಓಡಿತು, ಸವೆದ ಗೋಡೆ ದಪ್ಪಗೆ ಕಾಣಿಸಿತು. ಮುಚ್ಚಳ ಹಾಕಿದ ಮೇಲೆ ಉಕ್ಕಿನ ತುಂಡನ್ನು ಇನ್ನೊಮ್ಮೆ ಇಟ್ಟು ನೋಡಿದ್ದರೆ ಸಾಕಿತ್ತು. ನೋಡಲಿಲ್ಲ. ಬಾಯ್ಲರ್‌ಗಳು ಆರಿ ನಿಂತಿದ್ದವು, ಮ್ಯಾನೇಜರ್ ತಲೆಯ ಮೇಲೆ ಕೂತಿದ್ದ. ಕಾರ್ಖಾನೆಯ ಎರಡೂ ಬಾಯ್ಲರ್‌ಗಳನ್ನು ಅಳೆದು, ಗೋಡೆ ಗಟ್ಟಿಯಾಗಿದೆ ಎಂದು ಚಿಕ್ಕಪ್ಪನೇ ಹೇಳಿದ.

ಆ ವರ್ಷ ಮುಗಿಯುವ ಮೊದಲೇ ಅಪ್ಪನ ಬಾಯ್ಲರ್ ಬಿರಿದು ಹಬೆ ಅವನ ಮೈಮೇಲೆ ನುಗ್ಗಿತು. ಮುಖ ನೋಡಬೇಡ ಎಂದು ಅಮ್ಮನನ್ನು ನಾಲ್ಕು ಜನ ಹಿಡಿದುಕೊಂಡರು. ವಿಚಾರಣೆಗೆ ಬಂದವರು ಬಾಯ್ಲರ್ ಹಳತು, ನೀರು ಕೆಟ್ಟದ್ದು ಎಂದು ಬರೆದುಕೊಂಡು ಹೋದರು. ಚಿಕ್ಕಪ್ಪನ ಕಡೆ ಯಾರೂ ಬೆರಳು ತೋರಿಸಲಿಲ್ಲ. ಅವನೇ ನಮ್ಮ ಮನೆಗೆ ಹೆಗಲು ಕೊಟ್ಟು ನಿಂತಿದ್ದ.

ಆಮೇಲೊಂದು ಮಧ್ಯಾಹ್ನ ಅಮ್ಮ ಒಣಗಿದ ಬಟ್ಟೆ ಮಡಿಸುತ್ತಿದ್ದಾಗ ಬಂದು ಬಾಗಿಲಿಗೊರಗಿ ನಿಂತ. ಆ ಯಂತ್ರದ ಇನ್ಯಾವುದೋ ತೊಂದರೆ ಹುಡುಕಲು ಮತ್ತೆ ಪ್ರೋಬ್ ಸಿಕ್ಕಿಸಿದ್ದನಂತೆ. ತೆಗೆದೊಡನೆ ಅಳತೆ ಜಿಗಿದಿತ್ತು.

"ಅತ್ತಿಗೆ, ಅಣ್ಣನ್ನ ಕೊಂದಿದ್ದು ನಾನೇ," ಎಂದ. ಎಲ್ಲವನ್ನೂ ಬಿಡಿಸಿ ಹೇಳಿದ. ಗೊತ್ತಾಗಿದ್ದು ಮೊನ್ನೆ, ಹೇಳಲು ಧೈರ್ಯ ಬರಲಿಲ್ಲ ಎಂದೂ ಹೇಳಿ ಗೋಡೆಗೆ ಹಣೆಯಿಟ್ಟು ಅಳತೊಡಗಿದ.

ಅಮ್ಮ ಅಳಲಿಲ್ಲ. ಕೈಯಲ್ಲಿ ಅಪ್ಪನ ಅಂಗಿಯಿತ್ತು, ಈಗೀಗ ಅದನ್ನು ನಾನು ಹಾಕಿಕೊಳ್ಳಲು ಶುರುಮಾಡಿದ್ದೆ. "ಇನ್ನೊಂದು ಬಾಯ್ಲರ್‌ನೂ ಅದರಲ್ಲೇ ಅಳೆದಿದ್ದಾ?"

ಅವನು ಹೂಂಗುಟ್ಟಿದ.

"ಈಗ ಉರೀತಿದ್ಯಾ ಅದು?"

ಅವನು ಗೋಡೆಯಿಂದ ಹಣೆ ಎತ್ತಿದ.

"ಅದರ ಮುಂದೆ ಯಾರೋ ನಿಂತಿದಾರಲ್ಲೋ. ಅದನ್ನ ನಿಲ್ಲಿಸೋದು ಬಿಟ್ಟು ನನ್ನ ಹತ್ರ ಅಳೋಕೆ ಬಂದ್ಯಾ?"

ಚಪ್ಪಲಿ ಮೆಟ್ಟದೆ ಓಡಿದ. ಆ ಬಾಯ್ಲರಿನ ಬೆಂಕಿ ಆರಿಸಿದ. ಬೇರೆ ಕಡೆಯಿಂದ ಯಂತ್ರ ತರಿಸಿ ನೋಡಿದರೆ ಆ ಗೋಡೆಯೂ ತಗಡಾಗಿತ್ತು. ಅಲ್ಲಿ ನಿಂತಿದ್ದ ಮನುಷ್ಯ ಬದುಕಿದ. ಚಿಕ್ಕಪ್ಪನ ಮೇಲೆ ಕೇಸಾಯಿತು, ಜೈಲಾಯಿತು. ಅವಸರ ಮಾಡಿದ ಮ್ಯಾನೇಜರ್ ಸಾಕ್ಷಿ ಹೇಳಿ ಮನೆಗೆ ಹೋದ. ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಬಿಡುಗಡೆಯಾದ ದಿನ ಚಿಕ್ಕಪ್ಪ ನೇರ ನಮ್ಮ ಮನೆಗೇ ಬಂದ. ಅರ್ಧ ಆಗಿದ್ದ. ಅಮ್ಮ ಹೊಸಿಲ ಮೇಲೆ ನಿಂತು ಹೇಳಿದಳು: "ಆ ಇನ್ನೊಂದು ಬಾಯ್ಲರಿನವನ ಮನೆಗೆ ಹೋಗು. ಅವನ ಹೆಂಡ್ತಿ ನಿನ್ನನ್ನ ಒಳಗೆ ಕರೀತಾಳೆ. ನನ್ನ ಕೈಲಿ ಆಗಲ್ಲ."

ಬಾಗಿಲು ಹಾಕಿ ಚಿಲಕ ಸರಿಸಿದಳು. ಆಚೆ ಅವನು ಹೋಗಲಿಲ್ಲ, ಉಸಿರಾಡುವುದು ಕೇಳಿಸುತ್ತಿತ್ತು. ನಾನು ಚಿಲಕದ ಮೇಲೆ ಕೈಯಿಟ್ಟೆ. ಅಮ್ಮ ನನ್ನ ಕೈಯನ್ನೇ ನೋಡುತ್ತಿದ್ದಳು, ತೆಗೆಯಬೇಡ ಎನ್ನಲಿಲ್ಲ. ನಾನೇ ತೆಗೆಯಲಿಲ್ಲ.