ಬಾಗಲಕೋಟೆಯ ಸರ್ ಬರೆದುಕೊಟ್ಟ ನನ್ನ ಬಡತನ

ಬಿಸಿನೆಸ್ ಸ್ಕೂಲಿಗೆ ಅರ್ಜಿ ಹಾಕುವವರು ತಮ್ಮ ಬಗ್ಗೆ ಪ್ರಬಂಧ ಬರೆಯಬೇಕೆಂಬುದು ಇಳಕಲ್ಲಿನಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದ ನನಗೆ ಗೊತ್ತಿರಲಿಲ್ಲ. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಲೆಕ್ಕ ಬರುತ್ತದೆ, ಇಂಗ್ಲಿಷ್ ತಕ್ಕಮಟ್ಟಿಗೆ ಬರುತ್ತದೆ, ಸಾಕು ಅಂದುಕೊಂಡಿದ್ದೆ. ಸಾಲದು ಎಂದು ತಿಳಿಸಿದವನು ಬಾಗಲಕೋಟೆಯ ಕೋಚಿಂಗ್ ಕ್ಲಾಸಿನ ಸರ್.

ನವನಗರದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲೆ ಅವನ ಕ್ಲಾಸು. ಸುಡುವ ಬಿಸಿಲಲ್ಲೂ ಟೈ ಕಟ್ಟುತ್ತಿದ್ದ. ದಕ್ಷಿಣದ ಕಡೆಯವನು, ನಮ್ಮ ಮಾತು ಕೇಳಿದಾಗಲೆಲ್ಲ ಹುಬ್ಬು ಮೇಲೇರಿಸುತ್ತಿದ್ದ. ಆಗ ಅವನೆದುರು ‘ಸರ್, ಸರ್’ ಎಂದು ಕೈಕಟ್ಟಿ ನಿಂತದ್ದಕ್ಕೇ ಈಗ ಏಕವಚನದಲ್ಲಿ ಬರೆಯುತ್ತಿದ್ದೇನೆ.

ಭಾನುವಾರಗಳಂದು ಹುನಗುಂದದ ಮೇಲೆ ಹಾಯ್ದು ಹೋಗುವ ಬಸ್ಸಿನಲ್ಲಿ ನಾನು ಅಲ್ಲಿಗೆ ಹೋಗುತ್ತಿದ್ದೆ. ಕೆರೂರಿನ ಕಿರಾಣಿ ಅಂಗಡಿಯವರ ಮಗಳೊಬ್ಬಳು ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದಳು. ಒಂದು ದಿನ ಸರ್ ನನ್ನನ್ನು ಎದುರಿಗೆ ಕೂರಿಸಿಕೊಂಡು ಕೇಳಿದ:

“ಜೀವನದಲ್ಲಿ ಏನು ಕಷ್ಟ ಪಟ್ಟಿದ್ದೀರಿ?”

“ಅಂಥಾದ್ದೇನಿಲ್ರಿ ಸರ್. ಅಪ್ಪ ತಹಶೀಲ್ದಾರ್ ಕಚೇರಿಯಾಗ ಗುಮಾಸ್ತ ಅದಾರ. ಅವ್ವ ಮನ್ಯಾಗ ಸೀರಿ ನೇಯ್ತಾಳ.”

ಮೊದಲ ಮಾತನ್ನು ಅವನು ಕೇಳಿಸಿಕೊಳ್ಳಲೇ ಇಲ್ಲ. ಎರಡನೆಯದಕ್ಕೆ ಅವನ ಕಣ್ಣು ಹೊಳೆದವು. “ನೇಕಾರ ತಾಯಿ! ಇದು ಬೇಕಿತ್ತು ನೋಡಿ,” ಅಂದ. ಮುಂದಿನ ವಾರ ನನ್ನ ಪ್ರಬಂಧ ಟೈಪಾಗಿ ಸಿದ್ಧವಾಗಿತ್ತು.

ಮನೆಯಲ್ಲಿ ಅದನ್ನು ಕನ್ನಡಕ್ಕೆ ತಿರುಗಿಸಿ ಓದಿದೆ. ಅದರಲ್ಲಿ ಅಪ್ಪ ಎಂದೋ ತೀರಿಹೋಗಿದ್ದರು. ಅವ್ವ ಚಿಮಣಿ ದೀಪದ ಬೆಳಕಲ್ಲಿ ನೇಯುತ್ತಿದ್ದಳು, ಬೆರಳಿನಿಂದ ರಕ್ತ ಸೀರೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಅದನ್ನು ಕಂಡ ನಾನು ಮ್ಯಾನೇಜರ್ ಆಗುವ ಪಣ ತೊಟ್ಟಿದ್ದೆ.

ಚಹಾ ಕುಡಿಯುತ್ತಿದ್ದ ಅಪ್ಪ ಬಟ್ಟಲು ಕೆಳಗಿಟ್ಟರು. “ನಾ ಯಾವಾಗ ಸತ್ನಿ? ನಾಳಿ ಆಫೀಸಿಗೆ ಹೋಗ್ಲೋ ಬ್ಯಾಡೋ?”

ಅವ್ವನಿಗೆ ನಗು ಬರಲಿಲ್ಲ. ಟ್ಯೂಬ್‌ಲೈಟಿನ ಕೆಳಗೆ, ಫ್ಯಾನಿನ ಗಾಳಿಯಲ್ಲಿ ನೇಯುವವಳು ಅವಳು. “ಸೀರಿ ಮ್ಯಾಲ ರಕ್ತ ಬಿದ್ರ ಅದನ್ನ ಯಾರ್ ತಗೋತಾರ? ಬೆರಳಿಗೆ ಸಣ್ಣ ಗೀರು ಬಿದ್ರೂ ನಾ ಮಗ್ಗಕ್ಕ ಕೂಡಂಗಿಲ್ಲ. ಇದನ್ನ ಬರದಾಂವ ಜಲ್ಮದಾಗ ಮಗ್ಗ ನೋಡಿಲ್ಲ.”

“ಸರ್‌ಗೆ ಎಲ್ಲಾ ಗೊತ್ತಿರತೈತಬೇ,” ಅಂದೆ. ಪ್ರಬಂಧವನ್ನು ಹಾಗೆಯೇ ಕಳಿಸಿದೆ. ಅವನ ಬಗ್ಗೆ ಎಷ್ಟು ತಿರಸ್ಕಾರವಿದೆಯೋ, ಆ ದಿನದ ನನ್ನ ಬಗ್ಗೆಯೂ ಅಷ್ಟೇ ಇದೆ.

ಪುಣೆಯಿಂದ ಸಂದರ್ಶನಕ್ಕೆ ಕರೆ ಬಂತು. ಒಬ್ಬಳನ್ನೇ ಕಳಿಸಲು ಒಪ್ಪದೆ ಅಪ್ಪ ರಜೆ ಹಾಕಿ, ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಜೊತೆಗೆ ಬಂದರು. ಅಲ್ಲಿ ಕೆರೂರಿನ ಹುಡುಗಿಯೂ ಇದ್ದಳು. ನನಗಿಂತ ಮೊದಲು ಒಳಗೆ ಹೋದವಳು, ಹೊರಬಂದು ಯಾರ ಮುಖವನ್ನೂ ನೋಡದೆ ನಡೆದುಬಿಟ್ಟಳು.

ಒಳಗೆ ಮೂವರಿದ್ದರು. ನಡುವೆ ಕೂತಿದ್ದ ವಯಸ್ಸಾದ ಹೆಂಗಸು ಮೃದುವಾಗಿ ಕೇಳಿದಳು: “ನಿಮ್ಮ ತಂದೆ ತೀರಿಕೊಂಡು ಎಷ್ಟು ವರ್ಷವಾಯಿತು?”

ಬಾಯಿಗೆ ಬಂದದ್ದು ನಿಜವೇ. “ಇದ್ದಾರೆ ಮೇಡಂ. ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ.”

ಪಕ್ಕದವನು ಕೆಮ್ಮಿ ನಗು ನುಂಗಿಕೊಂಡ. ಆಕೆ ನಗಲಿಲ್ಲ. ನನ್ನ ಹಾಳೆಯ ಪಕ್ಕ ಇನ್ನೊಂದು ಹಾಳೆ ಇಟ್ಟು ನನ್ನತ್ತ ತಿರುಗಿಸಿದಳು. ಕೆರೂರಿನವಳ ಪ್ರಬಂಧ. ಅದೇ ಚಿಮಣಿ, ಅದೇ ರಕ್ತ. ಅವಳ ಮನೆಯಲ್ಲಿ ಮಗ್ಗವೇ ಇರಲಿಲ್ಲ.

“ನೀವು ಹೋಗಬಹುದು.”

ಮರಳುವ ಬಸ್ಸಿನಲ್ಲಿ ಅಪ್ಪ ರೊಟ್ಟಿ ಬಿಚ್ಚಿ ಕೊಟ್ಟರು. ಕಿಟಕಿಯ ಕಡೆ ಮುಖ ಮಾಡಿ ತಿಂದೆ.

ಭಾನುವಾರ ನಡೆದದ್ದನ್ನೆಲ್ಲ ಸರ್‌ಗೆ ಹೇಳಿದೆ. ತಪ್ಪಾಯಿತು ಅಂದಾನೆಂದು ಕಾದೆ. ಅವನು ಟೈ ಸರಿಪಡಿಸಿಕೊಂಡು, “ಅಲ್ಲಿ ಸ್ವಲ್ಪ ಅಳಬೇಕಿತ್ತು ನೀವು,” ಅಂದ.

“ಯಾರ್ ಸತ್ತಾರಂತ ಅಳ್ಬೇಕಿತ್ರಿ?” ಎಂದು ಕೇಳಿ ಎದ್ದು ಬಂದೆ. ಆ ಮೆಟ್ಟಿಲು ಮತ್ತೆ ಹತ್ತಲಿಲ್ಲ.

ಮರುವರ್ಷ ಧಾರವಾಡದ ಒಂದು ಕಾಲೇಜಿಗೆ ಅರ್ಜಿ ಹಾಕಿದೆ. ಸೋತ ಒಂದು ಪ್ರಸಂಗ ಬರೆಯಿರಿ ಎಂದು ಕೇಳಿದ್ದರು. ಒಂದು ಬೇಸಿಗೆಯಲ್ಲಿ ಅವ್ವನಿಂದ ಸೆರಗು ಜೋಡಿಸುವುದನ್ನು ಕಲಿಯಲು ಹೋಗಿದ್ದೆ. ಇಳಕಲ್ ಸೀರೆಯ ಸೆರಗಿನ ಒಂದೊಂದು ಎಳೆಗೂ ಒಡಲಿನ ಎಳೆಯನ್ನು ಕೊಂಡಿ ಹಾಕಿ ಸೇರಿಸಬೇಕು. ಎರಡು ದಿನದಲ್ಲಿ ನನಗೆ ಬೇಸರ ಬಂತು, ನಡುವೆ ಕೊಂಡಿ ತಪ್ಪಿತು, ತಪ್ಪಿದ್ದನ್ನು ಮುಚ್ಚಿಟ್ಟೆ. ಅವ್ವ ಬೆರಳಾಡಿಸಿ ಕಂಡುಹಿಡಿದು, ಬೈಯದೆ, ಅಷ್ಟನ್ನೂ ಬಿಚ್ಚಿಸಿದಳು. ನನ್ನ ಮುರುಕು ಇಂಗ್ಲಿಷಿನಲ್ಲಿ ಅದನ್ನೇ ಬರೆದೆ. ಹದಿನೈದು ದಿನ ಬರೆದೆ, ಹರಿದೆ, ಮತ್ತೆ ಬರೆದೆ.

ಸಂದರ್ಶನದಲ್ಲಿ ಆ ಹಾಳೆಗಳನ್ನು ಯಾರೂ ಓದಲಿಲ್ಲ. ನನ್ನ ಅರ್ಜಿಯ ಲಕೋಟೆಯನ್ನು ಆಗಷ್ಟೇ ನನ್ನ ಮುಂದೆಯೇ ಒಡೆದರು. ಅಂಕಪಟ್ಟಿ ತೆಗೆದು ನೋಡಿದರು, ಹಾಸ್ಟೆಲ್ ಬೇಕೇ ಎಂದು ಕೇಳಿದರು, ಸೀಟು ಕೊಟ್ಟರು. ಒಬ್ಬ ಪ್ರೊಫೆಸರು ನನ್ನ ಪ್ರಬಂಧದ ಮೇಲೆ ಚಹಾದ ಕಪ್ಪು ಇಟ್ಟುಕೊಂಡಿದ್ದ.

ಮನೆಗೆ ಬಂದು ಸಿಟ್ಟಿನಿಂದ ಚೀಲ ಎಸೆದೆ. ಮಗ್ಗದಿಂದ ಏಳದೆಯೇ ಅವ್ವ ನನ್ನನ್ನು ದಿಟ್ಟಿಸಿದಳು.

“ಸೀಟ್ ಸಿಕ್ಕಿಲ್ಲೇನು?”

“ಸಿಕ್ಕೈತಿ.”

“ಮತ್ತ ಮಾರಿ ಯಾಕ ಗಂಟ ಹಾಕ್ಕೊಂಡಿ?”

“ನಾ ಬರದದ್ದನ್ನ ಯಾರೂ ಓದ್ಲಿಲ್ಲಬೇ.”

ಅವ್ವ ಲಾಳಿ ಬದಿಗಿಟ್ಟಳು. “ನನಗ ಓದಿ ಹೇಳು.”